ಅಪ್ಪನ ಹಾಳೆಯಲ್ಲಿ 78, ಮಗಳ ಹಾಳೆಯಲ್ಲಿ 41: ಯಾರ ಅಂಕ ಸರಿ?

ಪ್ರಶ್ನೆ: ನಾನು ಮದ್ದೂರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಮಗಳು ಮಂಡ್ಯದಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಪೋಷಕರ ಸಭೆಗೆ ಮೊದಲು ಶಾಲೆಯವರು ಮಕ್ಕಳಿಗೂ ನಮಗೂ ಇಪ್ಪತ್ತು ವಾಕ್ಯಗಳ ಪಟ್ಟಿ ಕೊಟ್ಟು, ಪ್ರತಿಯೊಂದಕ್ಕೂ 1ರಿಂದ (ಖಂಡಿತ ಒಪ್ಪುವುದಿಲ್ಲ) 5ರವರೆಗೆ (ಪೂರ್ತಿ ಒಪ್ಪುತ್ತೇನೆ) ಗುರುತು ಹಾಕಿಸಿದರು. ಮೇಲೆ ‘ಪೋಷಕ–ಮಕ್ಕಳ ಸಂವಹನ ಮಾಪನ’ ಎಂದಿತ್ತು. ಸಭೆಯ ದಿನ ಅಂಕ ಹಾಕಿದ ಹಾಳೆಗಳನ್ನೆಲ್ಲ ನಮ್ಮ ಕೈಗೇ ಕೊಟ್ಟರು. ನಾನು ತುಂಬಿದ್ದರಲ್ಲಿ ನೂರಕ್ಕೆ 78. ಮಗಳು ನನ್ನ ಬಗ್ಗೆ ತುಂಬಿದ್ದರಲ್ಲಿ 41. ತಾಯಿಯ ಬಗ್ಗೆ 69; ನನ್ನ ಹೆಂಡತಿ ತುಂಬಿದ್ದರಲ್ಲಿ 72. ನನಗೆ ಕುಡಿತವಿಲ್ಲ, ಮಗಳ ಮೇಲೆ ಕೈ ಎತ್ತಿದವನಲ್ಲ, ರಾತ್ರಿ ಊಟಕ್ಕೆ ಕೂತಾಗ ಶಾಲೆಯಲ್ಲಿ ಏನಾಯಿತೆಂದು ಕೇಳದ ದಿನವಿಲ್ಲ. ಹಾಗಿದ್ದೂ 41 ಹೇಗೆ? ಆ ವಾರ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಕಡಿಮೆ ಬಂದಿದೆ ಎಂದು ಅವಳೇ ಬಂದು ಹೇಳಿದಾಗ ಮೊಬೈಲ್ ಕಿತ್ತಿಟ್ಟಿದ್ದೆ. ಆ ಸಿಟ್ಟಿಗೆ ಹೀಗೆ ಬರೆದಳೇ? ಇಂಥದ್ದನ್ನು ಅಳೆಯಲು ಬರುತ್ತದೆಯೇ? ಯಾರ ಅಂಕ ಸರಿ? ಅಂಕ ಹೆಚ್ಚಿಸಲು ಏನು ಮಾಡಬೇಕು? ಹಾಳೆಗಳ ಪ್ರತಿ ಕಳಿಸಿದ್ದೇನೆ.
— ಓದುಗರು, ಮದ್ದೂರು

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಹೋಗುವ ಮೊದಲೇ ಹೇಳಬೇಕಾದ ಮಾತೊಂದಿದೆ. ಮಗಳು ತುಂಬಿದ ಹಾಳೆ ನಿಮ್ಮ ಕೈ ಸೇರಬಾರದಿತ್ತು. ಹದಿನೈದರ ಹುಡುಗಿಯಿಂದ ಅಪ್ಪನ ಬಗ್ಗೆ ಇಪ್ಪತ್ತು ಉತ್ತರ ಬರೆಸಿಕೊಂಡು ಅದನ್ನು ಅಪ್ಪನಿಗೇ ಓದಲು ಕೊಟ್ಟರೆ, ಮುಂದಿನ ಸಲ ಅವಳು ಎಲ್ಲದಕ್ಕೂ ಒಳ್ಳೆಯ ಅಂಕವನ್ನೇ ಹಾಕುತ್ತಾಳೆ. ಅಲ್ಲಿಗೆ ಅಳತೆಯ ಕತೆ ಮುಗಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ, ಹದಿಹರೆಯದವರನ್ನು ಸಂಶೋಧನೆಗೆ ಸೇರಿಸಿಕೊಳ್ಳುವಾಗ ಪೋಷಕರ ಒಪ್ಪಿಗೆ ಮಾತ್ರ ಸಾಲದು, ಮಕ್ಕಳ ಲಿಖಿತ ಸಮ್ಮತಿಯೂ ಬೇಕು. ಶಾಲೆಯವರು ಮಾಡಿದ್ದು ಸಂಶೋಧನೆಯಲ್ಲ, ಒಳ್ಳೆಯ ಮನಸ್ಸಿನಿಂದ ಮಾಡಿದ ಚಟುವಟಿಕೆ ಎಂಬುದನ್ನು ಒಪ್ಪುತ್ತೇನೆ. ಆದರೂ ‘ನೀನು ಬರೆದದ್ದನ್ನು ಯಾರು ನೋಡುತ್ತಾರೆ’ ಎಂದು ಮಗುವಿಗೆ ಮೊದಲೇ ತಿಳಿಸುವ ಕರ್ತವ್ಯ ಚಟುವಟಿಕೆಗೂ ಅನ್ವಯಿಸುತ್ತದೆ. ಮುಖ್ಯೋಪಾಧ್ಯಾಯರ ಬಳಿ ಜಗಳ ಬೇಡ. ಮುಂದಿನ ಬಾರಿ ಇಡೀ ತರಗತಿಯ ಸರಾಸರಿಯನ್ನಷ್ಟೇ ಸಭೆಯಲ್ಲಿ ಹೇಳಿ, ಹಾಳೆಗಳನ್ನು ಆಪ್ತಸಮಾಲೋಚಕರ ಬಳಿಯೇ ಇರಿಸಿ ಎಂದು ಕೇಳಿ.

ಮಗಳಿಗೆ ಏನು ಹೇಳಬೇಕೆಂಬುದಕ್ಕೆ ಆಮೇಲೆ ಬರುತ್ತೇನೆ. ಈಗ ಹಾಳೆ.

ನೀವು ಕಳಿಸಿದ ಇಪ್ಪತ್ತು ವಾಕ್ಯಗಳನ್ನು ಓದಿದೆ. ಇದು ಅಮೆರಿಕದ ಹೊವಾರ್ಡ್ ಬಾರ್ನ್ಸ್ ಮತ್ತು ಡೇವಿಡ್ ಓಲ್ಸನ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಮಾಪನದ ಕನ್ನಡ ರೂಪ. ಓಲ್ಸನ್ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಕುಟುಂಬಗಳ ಅಧ್ಯಯನ ನಡೆಸಿದವರು. ಅದರಲ್ಲಿ ಎರಡು ಭಾಗಗಳಿವೆ. ಹತ್ತು ವಾಕ್ಯಗಳು ಮಾತಿನ ಮುಕ್ತತೆಯನ್ನು ಕೇಳುತ್ತವೆ: ಸಂಕೋಚವಿಲ್ಲದೆ ಹೇಳಬಲ್ಲೆನೇ, ಹೇಳಿದ್ದನ್ನು ಅವರು ಕಿವಿಗೊಟ್ಟು ಕೇಳುತ್ತಾರೆಯೇ, ನನ್ನ ಮನಸ್ಸಿನಲ್ಲಿರುವುದು ಅವರಿಗೆ ಅರ್ಥವಾಗುತ್ತದೆಯೇ, ಹೀಗೆ. ಉಳಿದ ಹತ್ತು ಮಾತಿನ ತೊಡಕುಗಳನ್ನು ಕೇಳುತ್ತವೆ: ಕೆಲವು ವಿಷಯಗಳನ್ನು ಎತ್ತದೆ ತಪ್ಪಿಸಿಕೊಳ್ಳುತ್ತೇನೆಯೇ, ಬೇಕಾದದ್ದನ್ನು ಕೇಳಲು ಭಯವೇ, ಆಡದೆ ಇದ್ದರೆ ಚೆನ್ನಾಗಿತ್ತು ಎನಿಸುವ ಮಾತು ಅವರಿಂದ ಬರುತ್ತದೆಯೇ. ಮಕ್ಕಳು ತಂದೆಗೆ ಒಂದು, ತಾಯಿಗೆ ಒಂದು ಎಂದು ಪ್ರತ್ಯೇಕವಾಗಿ ತುಂಬುತ್ತಾರೆ. ತೊಡಕಿನ ವಾಕ್ಯಗಳ ಅಂಕವನ್ನು ತಿರುವು ಮಾಡಿ, ಅಂದರೆ 5 ಹಾಕಿದ್ದರೆ 1 ಎಂದು, 4 ಹಾಕಿದ್ದರೆ 2 ಎಂದು ಎಣಿಸಿ, ಎಲ್ಲವನ್ನೂ ಕೂಡುತ್ತಾರೆ. ಕನಿಷ್ಠ 20, ಗರಿಷ್ಠ 100.

ಹೀಗೆ ನೂರಕ್ಕೆ ಬಂದು ನಿಲ್ಲುವುದೇ ನಮ್ಮ ಊರುಗಳಲ್ಲಿ ಫಜೀತಿ. ನೂರು ಕಂಡರೆ ಸಾಕು, ಮೂವತ್ತೈದು ಪಾಸು, ಅರವತ್ತು ಪ್ರಥಮ ದರ್ಜೆ ಎಂದು ನಮ್ಮ ತಲೆ ತಾನಾಗಿಯೇ ಲೆಕ್ಕ ಹಾಕುತ್ತದೆ. ಈ ಮಾಪನದಲ್ಲಿ ಪಾಸು ನಪಾಸು ಇಲ್ಲ. ಎಲ್ಲದಕ್ಕೂ ಅತಿ ಕೆಟ್ಟ ಉತ್ತರ ಬರೆದರೂ 20 ಬರುತ್ತದೆ. ಎಲ್ಲದಕ್ಕೂ ನಡುವಿನ 3 ಹಾಕಿದರೆ 60. ಹೋಲಿಸಿ ನೋಡಲು ಅದನ್ನು ಮಾಡಿದವರ ಬಳಿ ಇದ್ದದ್ದು ಆ ಕಾಲದ ಅಮೆರಿಕದ ಕುಟುಂಬಗಳ ಸರಾಸರಿ. ಅದನ್ನು ಮದ್ದೂರಿನ ಮನೆಗೆ ಹಚ್ಚಿ ‘ನೀವು ಇಷ್ಟು ಹಿಂದೆ’ ಎನ್ನುವುದಕ್ಕೆ ಆಧಾರವಿಲ್ಲ. ಉದಾಹರಣೆಗೆ ಪ್ರೀತಿಯನ್ನು ತೆರೆದು ತೋರಿಸುವ ಬಗೆಗಿನ ವಾಕ್ಯವನ್ನೇ ನೋಡಿ. ನಮ್ಮ ಕಡೆಯ ತಂದೆ ಬೆಳೆದ ಮಗಳನ್ನು ಬಸ್ ನಿಲ್ದಾಣದವರೆಗೆ ಬಿಟ್ಟು, ಕಿಟಕಿಯಿಂದ ಬ್ಯಾಗ್ ಹಾಕಿ ಸೀಟು ಹಿಡಿದುಕೊಟ್ಟು, ಏನೂ ಆಡದೆ ವಾಪಸು ಬರುತ್ತಾನೆ. ಆ ವಾಕ್ಯಕ್ಕೆ ಅವನು ಎಷ್ಟು ಅಂಕ ಹಾಕಿಕೊಳ್ಳಬೇಕು? ಮಗಳು ಎಷ್ಟು ಹಾಕಬೇಕು? ಕನ್ನಡಕ್ಕೆ ತಂದವರು ಮತ್ತೆ ಇಂಗ್ಲಿಷಿಗೆ ಮರಳಿಸಿ ತಾಳೆ ನೋಡಿ, ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ನೋಡಬೇಕಾಗಿತ್ತು. ಹಾಳೆಯನ್ನು ನೋಡಿದರೆ ಹಾಗೆ ಮಾಡಿದಂತೆ ಕಾಣುವುದಿಲ್ಲ. ‘ಇಲ್ಲ’ ಎಂದು ಮುಗಿಯುವ ಒಂದೆರಡು ವಾಕ್ಯಗಳಿಗೆ ‘ಒಪ್ಪುವುದಿಲ್ಲ’ ಎಂದು ಉತ್ತರಿಸುವಷ್ಟರಲ್ಲಿ ನನಗೇ ಗೊಂದಲವಾಯಿತು.

ಹಾಗಾದರೆ ಹಾಳೆಯನ್ನು ಹರಿದು ಹಾಕಬಹುದೇ? ಬೇಡ. ಅದರಲ್ಲಿ ಓದಬೇಕಾದದ್ದು ಬಹಳ ಇದೆ, ಆದರೆ ಮೊತ್ತದಲ್ಲಿ ಅಲ್ಲ.

ನೀವು ಗಮನಿಸದೆ ಬಿಟ್ಟದ್ದು ಇದು: ನಿಮ್ಮ ಹಾಳೆ ಮತ್ತು ಮಗಳ ಹಾಳೆ ಒಂದೇ ಸಂಗತಿಯನ್ನು ಕೇಳುತ್ತಿಲ್ಲ. ವಾಕ್ಯಗಳು ನೋಡಲು ಜೋಡಿಯಂತಿವೆ. ಆದರೆ ನಿಮ್ಮ ಹಾಳೆಯ ‘ನಾನು’ ನೀವು, ಅವಳ ಹಾಳೆಯ ‘ನಾನು’ ಅವಳು. ಮಗಳೊಂದಿಗೆ ಮಾತನಾಡಲು ನಿಮಗೆ ಸಂಕೋಚವಿದೆಯೇ ಎಂದು ನಿಮ್ಮನ್ನು ಕೇಳಿದ್ದಾರೆ, ಇಲ್ಲ ಎಂದಿದ್ದೀರಿ. ಅದು ಅಪ್ಪಟ ಸತ್ಯ. ಮಗಳಿಗೆ ಬುದ್ಧಿ ಹೇಳಲು ಯಾವ ತಂದೆಗೆ ಸಂಕೋಚ? ತಂದೆಯೊಂದಿಗೆ ಮಾತನಾಡಲು ಸಂಕೋಚವಿದೆಯೇ ಎಂದು ಅವಳನ್ನು ಕೇಳಿದ್ದಾರೆ, ಇದೆ ಎಂದಿದ್ದಾಳೆ. ಅದೂ ಸತ್ಯ. 78 ಎಂಬುದು ನಿಮ್ಮಿಂದ ಅವಳ ಕಡೆಗೆ ಹೋಗುವ ಮಾತಿನ ಸರಾಗ, 41 ಎಂಬುದು ಅವಳಿಂದ ನಿಮ್ಮ ಕಡೆಗೆ ಬರುವ ಮಾತಿನ ಸರಾಗ. ಒಂದೇ ಮನೆಯಲ್ಲಿ ಎರಡೂ ಒಟ್ಟಿಗೆ ನಿಜವಾಗಿರಬಹುದು, ಬಹುತೇಕ ಮನೆಗಳಲ್ಲಿ ಹಾಗೆಯೇ ಇರುತ್ತದೆ. ರೇಡಿಯೊ ಕೇಂದ್ರವನ್ನು ನೆನೆದುಕೊಳ್ಳಿ. ನಿಮ್ಮ 78 ಹೇಳುವುದು ಪ್ರಸಾರ ಕೇಂದ್ರ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನು. ಕೇಳುಗರ ಪತ್ರ ಬರುತ್ತಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಆದ್ದರಿಂದ ‘ಯಾರ ಅಂಕ ಸರಿ’ ಎಂಬ ಪ್ರಶ್ನೆಗೆ ನನ್ನ ಉತ್ತರ ‘ಎರಡೂ’. ಇದು ನಿಮ್ಮನ್ನು ಸಮಾಧಾನ ಪಡಿಸಲು ಹೇಳುವ ಮಾತಲ್ಲ. ಮನೆಯವರ ವರದಿಗಳು ಒಂದಕ್ಕೊಂದು ಹೊಂದದಿರುವುದು ಈ ಕ್ಷೇತ್ರದಲ್ಲಿ ಅತ್ಯಂತ ಹಳೆಯ, ಮತ್ತೆ ಮತ್ತೆ ಕಂಡುಬಂದ ಸಂಗತಿ. ಮಕ್ಕಳ ವರ್ತನೆಯ ತೊಂದರೆಗಳ ಬಗ್ಗೆ ನಡೆದ 119 ಅಧ್ಯಯನಗಳನ್ನು ಥಾಮಸ್ ಆಕೆನ್‌ಬಾಕ್ ಮತ್ತು ಸಂಗಡಿಗರು 1987ರಲ್ಲಿ ಒಟ್ಟುಗೂಡಿಸಿ ನೋಡಿದರು. ತಂದೆ ತಾಯಿಯಂತೆ ಒಂದೇ ಸ್ಥಾನದಲ್ಲಿರುವ ಇಬ್ಬರ ವರದಿಗಳ ನಡುವೆ ಸಹಸಂಬಂಧ ಸರಾಸರಿ 0.60 ಇತ್ತು. ಮಗು ತನ್ನ ಬಗ್ಗೆ ಹೇಳಿದ್ದಕ್ಕೂ ಬೇರೆಯವರು ಆ ಮಗುವಿನ ಬಗ್ಗೆ ಹೇಳಿದ್ದಕ್ಕೂ ಇದ್ದದ್ದು 0.22 ಮಾತ್ರ. ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ 0 ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂಕಿಯ ಅರ್ಥ ತಿಳಿಯುತ್ತದೆ. ಕೂತ ಜಾಗ ಬೇರೆಯಾದರೆ ಕಾಣುವುದೂ ಬೇರೆ. ಬಾರ್ನ್ಸ್ ಮತ್ತು ಓಲ್ಸನ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಪೋಷಕರು ಕಂಡ ಕುಟುಂಬ ಒಂದು, ಮಕ್ಕಳು ಕಂಡ ಕುಟುಂಬ ಇನ್ನೊಂದು ಎಂಬಂತಿತ್ತು.

ಈಗ ಸಿಟ್ಟಿನ ಪ್ರಶ್ನೆ. ಮೊಬೈಲ್ ಕಿತ್ತಿಟ್ಟದ್ದಕ್ಕೆ ಸೇಡು ತೀರಿಸಿಕೊಂಡಳೇ ಎಂಬ ಅನುಮಾನಕ್ಕೆ ಹಾಳೆಯಲ್ಲೇ ಉತ್ತರವಿದೆ. ಮೊತ್ತವನ್ನು ಬಿಡಿಸಿ ನೋಡಿದೆ. ಮುಕ್ತತೆಯ ಭಾಗದಲ್ಲಿ ಅವಳು ನಿಮಗೆ ಕೊಟ್ಟಿರುವುದು 50ಕ್ಕೆ 26. ತೊಡಕಿನ ಭಾಗದಲ್ಲಿ ತಿರುವು ಮಾಡಿದ ಮೇಲೆ 15, ಅಂದರೆ ಆ ಹತ್ತೂ ವಾಕ್ಯಗಳಿಗೆ 4 ಅಥವಾ 5 ಹಾಕಿದ್ದಾಳೆ. ಸಿಟ್ಟಿನಲ್ಲಿ ಓದದೆ ಗೀಚುವ ಮಕ್ಕಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮೇಲಿಂದ ಕೆಳಗೆ ಒಂದೇ ಅಂಕಿಗೆ ಸುತ್ತು ಹಾಕುತ್ತಾರೆ. ಅದನ್ನು ಹಿಡಿಯಲೆಂದೇ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುವ ವಾಕ್ಯಗಳನ್ನು ಬೆರೆಸಿಟ್ಟಿರುತ್ತಾರೆ. ನಿಮ್ಮ ಮಗಳು ಅಪ್ಪನನ್ನು ಕೆಟ್ಟವನೆಂದು ತೋರಿಸಲು ಹೊರಟಿದ್ದರೆ ಮುಕ್ತತೆಯ ಭಾಗದಲ್ಲೂ ಹತ್ತೋ ಹನ್ನೆರಡೋ ಕೊಟ್ಟು ಮುಗಿಸುತ್ತಿದ್ದಳು. ಅವಳು ಹಾಗೆ ಮಾಡಿಲ್ಲ. ಕೆಲವು ವಾಕ್ಯಗಳಿಗೆ 4 ಕೊಟ್ಟಿದ್ದಾಳೆ, ಕೆಲವಕ್ಕೆ 1. ಓದಿ, ಯೋಚಿಸಿ ತುಂಬಿದ ಹಾಳೆ ಇದು. ಆ ವಾರದ ಬಿಸಿ ಒಂದಿಷ್ಟು ಅಂಕ ಇಳಿಸಿರಬಹುದು. ಮೂವತ್ತೇಳು ಅಂಕದ ಅಂತರವನ್ನು ಒಂದು ಮೊಬೈಲಿನ ತಲೆಗೆ ಕಟ್ಟಲಾಗದು.

ಯಾವ ವಾಕ್ಯಕ್ಕೆ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಈಗಾಗಲೇ ಅವಳ ಗುಟ್ಟು ಅಗತ್ಯಕ್ಕಿಂತ ಹೆಚ್ಚು ಜನರ ಕೈ ದಾಟಿದೆ. ಒಟ್ಟು ನೋಟವನ್ನಷ್ಟೇ ಹೇಳುತ್ತೇನೆ. ಅಪ್ಪನಿಗೆ ತನ್ನ ಮೇಲೆ ಅಕ್ಕರೆ ಇದೆ ಎಂಬುದರಲ್ಲಿ ಅವಳಿಗೆ ಅನುಮಾನವಿಲ್ಲ. ಆದರೆ ಅಪ್ಪನ ಮುಂದೆ ಬಾಯಿ ಬಿಡುವಾಗ ಎಚ್ಚರವಾಗಿರುತ್ತಾಳೆ: ಏನು ಹೇಳಬಹುದು, ಯಾವಾಗ ಹೇಳಬಹುದು, ಹೇಳಿದರೆ ಏನಾದೀತು ಎಂದು ತೂಗಿ ನೋಡುತ್ತಾಳೆ. 41ರ ಒಳಗಿರುವುದು ದ್ವೇಷವಲ್ಲ, ಆ ತೂಗಾಟ.

‘ಇಂಥದ್ದನ್ನು ಅಳೆಯಲು ಬರುತ್ತದೆಯೇ’ ಎಂದು ಕೇಳಿದ್ದೀರಿ. ಬರುತ್ತದೆ, ಆದರೆ ಎಲ್ಲ ಕೆಲಸಕ್ಕೂ ಒಂದೇ ಅಳತೆಗೋಲು ಒದಗುವುದಿಲ್ಲ. ಬಿ.ಇಡಿ. ಓದಿದವರಿಗೆ ವಿಶ್ವಸನೀಯತೆ, ಸಪ್ರಮಾಣತೆ ಎಂಬ ಎರಡು ಮಾತು ನೆನಪಿರುತ್ತವೆ. ಮೊದಲನೆಯದು, ಅಳತೆ ನೆಚ್ಚುವಂತೆ ಒಂದೇ ತೆರನಾಗಿ ನಡೆದುಕೊಳ್ಳುತ್ತದೆಯೇ ಎಂಬುದು. ಈ ಮಾಪನದ ಮೂಲ ರೂಪದಲ್ಲಿ ಮುಕ್ತತೆಯ ಭಾಗಕ್ಕೆ 0.87, ತೊಡಕಿನ ಭಾಗಕ್ಕೆ 0.78 ಎಂದು ದಾಖಲಾಗಿದೆ (ಇಲ್ಲೂ ಗರಿಷ್ಠ 1), ಸಾಕಷ್ಟು ಒಳ್ಳೆಯದೇ. ಎರಡನೆಯದು, ಅಳೆಯಬೇಕೆಂದುಕೊಂಡದ್ದನ್ನೇ ಅಳೆಯುತ್ತಿದೆಯೇ ಎಂಬುದು. ಇಲ್ಲಿ ಎಚ್ಚರ ಬೇಕು. ಹಾಳೆ ಅಳೆಯುವುದು ಮಾತನ್ನಲ್ಲ, ಮಾತಿನ ಬಗ್ಗೆ ಒಬ್ಬರಿಗಿರುವ ಅನಿಸಿಕೆಯನ್ನು. ನೂರಾರು ಮಕ್ಕಳ ಗುಂಪುಗಳನ್ನು ಹೋಲಿಸುವುದಕ್ಕೆ, ಸಮಾಲೋಚನೆಗೆ ಬಂದ ಕುಟುಂಬವೊಂದರಲ್ಲಿ ಮೊದಲಿಗೂ ಈಗಿಗೂ ಏನಾದರೂ ಬದಲಾಯಿತೇ ಎಂದು ನೋಡುವುದಕ್ಕೆ ಅದು ಸಾಕು. ಒಂದು ಮನೆಯ ಮೇಲೆ ತೀರ್ಪು ಬರೆಯಲು ಸಾಲದು.

ಮಾತನ್ನೇ ನೇರವಾಗಿ ಅಳೆಯಲು ಹೊರಟವರೂ ಇದ್ದಾರೆ. ಅಮೆರಿಕದ ಹೆರಾಲ್ಡ್ ಗ್ರೋಟೆವಾಂಟ್ ಮತ್ತು ಕ್ಯಾಥರೀನ್ ಕೂಪರ್ 1980ರ ದಶಕದಲ್ಲಿ ಕುಟುಂಬಗಳಿಗೆ ‘ಎಲ್ಲರೂ ಸೇರಿ ಒಂದು ರಜೆಯ ಪ್ರವಾಸ ಗೊತ್ತು ಮಾಡಿ’ ಎಂಬ ಕೆಲಸ ಕೊಟ್ಟು, ಆ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು, ಒಂದೊಂದು ಮಾತನ್ನೂ ವಿಂಗಡಿಸಿದರು. ಯಾರು ಸಲಹೆ ಕೊಟ್ಟರು, ಯಾರು ಒಪ್ಪಲಿಲ್ಲ, ಒಪ್ಪದಿದ್ದವರ ಮಾತಿಗೆ ಬೆಲೆ ಸಿಕ್ಕಿತೇ ಎಂದು. ಭಿನ್ನಾಭಿಪ್ರಾಯ ಇದ್ದೂ ನಂಟು ಕಡಿಯದ ಮನೆಗಳ ಮಾತುಕತೆ ಹದಿಹರೆಯದವರ ಬೆಳವಣಿಗೆಗೆ ಇಂಬು ಕೊಡುತ್ತದೆ ಎಂಬುದು ಅವರ ವಾದ. (ಇದೇ ಪ್ರಯೋಗವನ್ನು ನಮ್ಮಲ್ಲಿ ಮಾಡಿದರೆ ಧರ್ಮಸ್ಥಳವೋ ಊಟಿಯೋ ಎಂಬುದು ಎರಡು ನಿಮಿಷದಲ್ಲಿ ಅಜ್ಜಿಯ ಕಡೆಯಿಂದ ಇತ್ಯರ್ಥವಾಗಿ ಹೋದೀತು.) ಈ ವಿಧಾನದ ತೊಂದರೆ ಎಲ್ಲರಿಗೂ ಗೊತ್ತಿರುವುದೇ: ಯಂತ್ರ ಕಂಡ ಕೂಡಲೇ ಮನೆಮಂದಿಯೆಲ್ಲ ಸಭ್ಯರಾಗುತ್ತಾರೆ. ಇನ್ನೊಂದು ದಾರಿ, ಮಕ್ಕಳ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗೆಲ್ಲ ‘ಈಗ ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಮನಸ್ಸು ಹೇಗಿದೆ’ ಎಂದು ಬರೆಸುವುದು. ರೀಡ್ ಲಾರ್ಸನ್ ಮತ್ತು ಸಂಗಡಿಗರು ಹೀಗೆ 220 ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ 1996ರಲ್ಲಿ ಪ್ರಕಟಿಸಿದ ಫಲಿತಾಂಶ ನಿಮ್ಮಂಥ ತಂದೆಯರು ತಿಳಿದಿರಬೇಕಾದದ್ದು. ಹತ್ತನೇ ವಯಸ್ಸಿನಲ್ಲಿ ಎಚ್ಚರವಿರುವ ಹೊತ್ತಿನ ಶೇ 35ರಷ್ಟನ್ನು ಮನೆಯವರೊಂದಿಗೆ ಕಳೆಯುತ್ತಿದ್ದ ಮಕ್ಕಳು ಹದಿನೆಂಟರ ಹೊತ್ತಿಗೆ ಶೇ 14ಕ್ಕೆ ಇಳಿದಿದ್ದರು. ಆದರೆ ತಂದೆಯೊಬ್ಬರೊಂದಿಗೆ, ಅಥವಾ ತಾಯಿಯೊಬ್ಬರೊಂದಿಗೆ, ಇಬ್ಬರೇ ಇದ್ದ ಹೊತ್ತು ಕುಸಿದಿರಲಿಲ್ಲ. ಅಂದರೆ ಮನೆಮಂದಿಯ ನಡುವೆ ಕೂರುವುದು ಕಡಿಮೆಯಾದ ಮಾತ್ರಕ್ಕೆ ನಂಟು ಸಡಿಲವಾಯಿತೆಂದು ತಿಳಿಯಬೇಕಿಲ್ಲ.

ನಿಮ್ಮ ಊಟದ ಹೊತ್ತಿನ ಪ್ರಶ್ನೆಯನ್ನು ಈ ಬೆಳಕಿನಲ್ಲಿ ನೋಡಿ. ತಾಯಿ ಬಡಿಸುತ್ತಿದ್ದಾರೆ, ಟೀವಿಯಲ್ಲಿ ಧಾರಾವಾಹಿ ನಡೆಯುತ್ತಿದೆ, ಎಲ್ಲರ ಎದುರಿಗೆ ‘ಶಾಲೆಯಲ್ಲಿ ಏನಾಯಿತು’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕಿರುವ ಉತ್ತರ ಒಂದೇ: ‘ಏನಿಲ್ಲ.’ ಮಕ್ಕಳು ಅದನ್ನು ಮುಚ್ಚಿಡಲು ಹೇಳುವುದಿಲ್ಲ. ಏಳು ಪೀರಿಯಡ್‌ಗಳನ್ನು ಒಂದು ತುತ್ತಿನ ನಡುವೆ ಹೇಗೆ ಹೇಳಬೇಕೆಂದು ತೋಚದೆ ಹೇಳುತ್ತಾರೆ. ನೀವು ದಿನವೂ ಕೇಳಿದ್ದನ್ನು ದಿನವೂ ಮಾತನಾಡಿದ ಲೆಕ್ಕಕ್ಕೆ ಹಾಕಿಕೊಂಡಿದ್ದೀರಿ.

ಇಲ್ಲಿಗೆ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿಗೆ ಬಂದೆವು. ಮಕ್ಕಳ ಮೇಲೆ ಕಣ್ಣಿಟ್ಟಿರುವ ಪೋಷಕರ ಮಕ್ಕಳು ದಾರಿ ತಪ್ಪುವುದು ಕಡಿಮೆ ಎಂದು ಸಂಶೋಧಕರು ಬಹುಕಾಲ ಬರೆಯುತ್ತಿದ್ದರು. ಸ್ವೀಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಹೊಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಅದನ್ನು ಅಳೆಯುತ್ತಿದ್ದ ರೀತಿಯಲ್ಲೇ ದೋಷ ಕಂಡರು. ‘ಕಣ್ಣಿಡುವುದು’ ಎಂಬ ಹೆಸರಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ‘ಮಗು ಎಲ್ಲಿದೆ, ಏನು ಮಾಡುತ್ತಿದೆ ಎಂದು ನಿಮಗೆ ಎಷ್ಟು ಗೊತ್ತು’ ಎಂಬುದನ್ನು. ಗೊತ್ತಿರುವುದು ಬೇರೆ, ಗೊತ್ತಾದ ಬಗೆ ಬೇರೆ. ಹದಿನಾಲ್ಕು ವರ್ಷದ 703 ಮಕ್ಕಳನ್ನೂ ಅವರ ಪೋಷಕರನ್ನೂ ಕೇಳಿ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ದಾರಿಗಳನ್ನು ಬೇರ್ಪಡಿಸಿದರು: ಪೋಷಕರು ಕೇಳಿ ತಿಳಿಯುವುದು, ನಿಯಮ ಹಾಕಿ ತಿಳಿಯುವುದು, ಮಗು ತಾನಾಗಿ ಹೇಳುವುದು. ಪೋಷಕರಿಗೆ ಗೊತ್ತಿದ್ದದ್ದರ ಬಹುಪಾಲು ಮೂರನೆಯ ದಾರಿಯಿಂದ ಬಂದಿತ್ತು. ಕೇಳಿದ್ದರಿಂದಲೂ ಕಟ್ಟುಪಾಡಿನಿಂದಲೂ ಸಿಕ್ಕಿದ್ದು ಸ್ವಲ್ಪವೇ. ಮಗು ತಾನಾಗಿ ಹೇಳುವುದು ಯಾವಾಗ ನಿಲ್ಲುತ್ತದೆ ಎಂಬುದನ್ನು ಅದೇ ತಂಡ ಮುಂದೆ ನೋಡಿತು. ಹೇಳಿದಾಗ ಪೋಷಕರು ನಡೆದುಕೊಂಡ ರೀತಿ ಕೆಟ್ಟದ್ದಾಗಿದ್ದರೆ ಮಕ್ಕಳು ಕ್ರಮೇಣ ಮುಚ್ಚಿಕೊಳ್ಳುತ್ತಾರೆ ಎಂಬುದು 2010ರ ಅಧ್ಯಯನದಲ್ಲಿ ಕಂಡಿತು.

ಈಗ ನಿಮ್ಮ ಪತ್ರವನ್ನು ನೀವೇ ಮತ್ತೊಮ್ಮೆ ಓದಿ. ಗಣಿತದಲ್ಲಿ ಕಡಿಮೆ ಬಂದಿದೆ ಎಂದು ‘ಅವಳೇ ಬಂದು ಹೇಳಿದಾಗ’ ಮೊಬೈಲ್ ಕಿತ್ತಿಟ್ಟೆ ಎಂದು ಬರೆದಿದ್ದೀರಿ. ಅಂಕಪಟ್ಟಿ ನಿಮ್ಮ ಕೈಗೆ ಬರುವವರೆಗೆ ಅವಳು ಸುಮ್ಮನಿರಬಹುದಿತ್ತು. ತರಗತಿಯ ಅರ್ಧ ಮಕ್ಕಳು ಹಾಗೆಯೇ ಮಾಡಿರುತ್ತಾರೆ. ಅವಳು ಧೈರ್ಯ ಮಾಡಿ ಮೊದಲೇ ಬಂದಳು. ಆ ಧೈರ್ಯಕ್ಕೆ ಸಿಕ್ಕಿದ್ದು ಶಿಕ್ಷೆ. ನಿಮ್ಮ ಲೆಕ್ಕದಲ್ಲಿ ಶಿಕ್ಷೆ ಕಡಿಮೆ ಅಂಕಕ್ಕೆ. ಅವಳ ಲೆಕ್ಕದಲ್ಲಿ ಅದು ಹೇಳಿದ್ದಕ್ಕೆ, ಏಕೆಂದರೆ ಮೊಬೈಲ್ ಹೋದದ್ದು ಅಂಕ ಬಂದಾಗಲ್ಲ, ಬಾಯಿ ಬಿಟ್ಟ ನಿಮಿಷದಲ್ಲಿ. 41 ಎಲ್ಲಿಂದ ಬಂತು ಎಂದು ನನ್ನನ್ನು ಕೇಳಿದರೆ ಇಪ್ಪತ್ತು ವಾಕ್ಯಗಳಿಗಿಂತ ನಿಮ್ಮ ಈ ಒಂದು ವಾಕ್ಯದಲ್ಲಿ ಹೆಚ್ಚು ಮಾಹಿತಿ ಇದೆ.

ಹತ್ತನೇ ತರಗತಿಯಲ್ಲಿ ಮೊಬೈಲಿಗೆ ಮಿತಿ ಬೇಡವೆಂದು ನಾನು ಹೇಳುವುದಿಲ್ಲ. ಮಿತಿ ಇರಲಿ. ಆದರೆ ಸುದ್ದಿ ಕೇಳುವ ಹೊತ್ತನ್ನೂ ತೀರ್ಮಾನ ಮಾಡುವ ಹೊತ್ತನ್ನೂ ಬೇರೆ ಮಾಡಿ. ಸಂಜೆ ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಿ, ಯಾವ ಪಾಠ ಕೈಕೊಟ್ಟಿತು ಎಂದು ವಿಚಾರಿಸಿ, ಅಲ್ಲಿಗೆ ಬಿಡಿ. ಮರುದಿನ ಮೂವರೂ ಕೂತು ಪರೀಕ್ಷೆ ಮುಗಿಯುವವರೆಗೆ ಮೊಬೈಲ್ ಎಷ್ಟು ಹೊತ್ತು ಎಂದು ಗೊತ್ತು ಮಾಡಿ. ಒಂದು ರಾತ್ರಿಯ ಅಂತರ ಸಾಕು, ಹೇಳಿದ್ದಕ್ಕೂ ಶಿಕ್ಷೆಗೂ ಗಂಟು ಬೀಳುವುದಿಲ್ಲ.

ಯಾವ ವಿಷಯಕ್ಕೆ ನಿಯಮ ಹಾಕುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಜೂಡಿತ್ ಸ್ಮೆಟಾನಾ ಎಂಬ ಸಂಶೋಧಕಿ ದಶಕಗಳಿಂದ ತೋರಿಸುತ್ತ ಬಂದಿರುವುದು ಇದನ್ನೇ: ಕಳ್ಳತನ, ಸುಳ್ಳು, ಅಪಾಯದ ವಿಷಯಗಳಲ್ಲಿ ಅಪ್ಪ ಅಮ್ಮ ಕೇಳುವುದು ನ್ಯಾಯ ಎಂದು ಹದಿಹರೆಯದವರು ಬಹುಮಟ್ಟಿಗೆ ಒಪ್ಪುತ್ತಾರೆ. ಜಡೆ, ಬಟ್ಟೆ, ಗೆಳತಿ, ಹಾಡು ಇವು ತಮ್ಮ ಸ್ವಂತದ್ದೆಂದು ಅವರ ಎಣಿಕೆ. ಎರಡನ್ನೂ ಒಂದೇ ದನಿಯಲ್ಲಿ ವಿಚಾರಿಸಿದರೆ ಮೊದಲನೆಯದನ್ನೂ ಹೇಳುವುದನ್ನು ಬಿಡುತ್ತಾರೆ.

ಅಂಕ ಹೆಚ್ಚಿಸುವುದು ಹೇಗೆ ಎಂಬ ಕೊನೆಯ ಪ್ರಶ್ನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಉತ್ತರಿಸುತ್ತೇನೆ. ಮಂಡ್ಯದಲ್ಲಿ ಇದಕ್ಕೂ ಟ್ಯೂಷನ್ ಶುರುವಾಗದಿದ್ದರೆ ಸಾಕು. ಅಂಕವನ್ನು ಬಿಡಿ. ಅಳೆಯಲೇಬೇಕೆಂಬ ಆಸೆ ಇದ್ದರೆ ನಿಮ್ಮನ್ನು ನೀವು ಅಳೆದುಕೊಳ್ಳಿ. ಸಂಘದಲ್ಲಿ ಲೆಜರ್ ಬರೆದು ಅಭ್ಯಾಸವಿರುವವರಿಗೆ ಕಷ್ಟವಲ್ಲ. ಒಂದು ಸಣ್ಣ ಪುಸ್ತಕದಲ್ಲಿ ರಾತ್ರಿ ಎರಡು ಸಾಲು: ಇವತ್ತಿನ ಮಾತನ್ನು ಶುರು ಮಾಡಿದವರು ನಾನೋ ಅವಳೋ, ಅವಳು ಹೇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಏನು. ಕೇಳಿಸಿಕೊಂಡೆನೇ, ಬುದ್ಧಿ ಹೇಳಿದೆನೇ, ಬೇರೆಯವರ ಮಗಳ ಉದಾಹರಣೆ ಕೊಟ್ಟೆನೇ, ಎದ್ದು ಹೋದೆನೇ. ಅವಳು ಏನು ಹೇಳಿದಳೆಂದು ಬರೆಯಬೇಡಿ. ಆ ಪುಸ್ತಕ ಒಂದು ದಿನ ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ, ಅದರಲ್ಲಿ ನಿಮ್ಮ ನಡತೆ ಮಾತ್ರ ಇರಲಿ. ತಿಂಗಳಾದ ಮೇಲೆ ತಿರುವಿ ನೋಡಿದರೆ ನಿಮಗೆ ಹೊಳೆಯುವುದು ನನ್ನ ಉಪದೇಶಕ್ಕಿಂತ ಹೆಚ್ಚಿರುತ್ತದೆ. ಅವಳು ತಾನಾಗಿ ಮಾತು ಶುರು ಮಾಡಿದ ದಿನಗಳು ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನೂ ಗಮನಿಸಿ. ನನ್ನ ಬಳಿ ಬರುವ ಮಕ್ಕಳಲ್ಲಿ ಹಲವರಿಗೆ ಎದುರುಬದುರು ಕೂತರೆ ಮಾತು ಹೊರಡುವುದಿಲ್ಲ. ಬೈಕಿನ ಹಿಂದಿನ ಸೀಟಿನಲ್ಲಿ, ಅಪ್ಪನ ಮುಖ ಕಾಣದಿರುವಾಗ, ಸರಾಗವಾಗಿ ಹೊರಡುತ್ತದೆ. ಬೆಳಗ್ಗೆ ಅವಳನ್ನು ಬಸ್ಸಿಗೆ ಬಿಡುವವರು ನೀವಾಗಿದ್ದರೆ ಆ ಹತ್ತು ನಿಮಿಷದಲ್ಲಿ ಪ್ರಶ್ನೆ ಕೇಳದೆ ನಿಮ್ಮ ಸಂಘದಲ್ಲಿ ನಡೆದದ್ದನ್ನು ಹೇಳಿ ನೋಡಿ. ನಿಮಗಾದ ಮುಜುಗರದ ಸಂಗತಿಯೇ ಆದರೆ ಇನ್ನೂ ಒಳ್ಳೆಯದು.

ತಾಯಿಯ 69ಕ್ಕೂ 72ಕ್ಕೂ ಅಂತರವೇ ಇಲ್ಲವೆನ್ನಬಹುದು. ಅಷ್ಟು ಏರುಪೇರು ಅದೇ ಹಾಳೆಯನ್ನು ಮತ್ತೊಮ್ಮೆ ತುಂಬಿಸಿದರೂ ಬರುತ್ತದೆ. ಅದನ್ನು ನಿಮ್ಮ ಸೋಲೆಂದು ಎಣಿಸದಿರಿ. ಮನೆಯಲ್ಲಿ ಒಬ್ಬರೊಂದಿಗಾದರೂ ಆ ವಯಸ್ಸಿನ ಹುಡುಗಿಗೆ ಮಾತಿನ ದಾರಿ ತೆರೆದಿದೆ ಎಂಬುದು ಈ ಹಾಳೆಗಳಲ್ಲಿರುವ ಒಳ್ಳೆಯ ಸುದ್ದಿ. ಒಂದು ಮಾತ್ರ ಮಾಡಬೇಡಿ: ಹೆಂಡತಿಯ ಮೂಲಕ ಮಗಳ ಮನಸ್ಸು ತಿಳಿಯಲು ಹೋಗಬೇಡಿ. ಹಾಗೆ ಮಾಡಿದರೆ ಅಮ್ಮನಿಗೆ ಹೇಳಿದ್ದೂ ಅಪ್ಪನಿಗೆ ಮುಟ್ಟುತ್ತದೆ ಎಂದು ತಿಳಿದು ಆ ದಾರಿಯೂ ಮುಚ್ಚುತ್ತದೆ.

ಮಗಳಿಗೆ ಏನು ಹೇಳಬೇಕು? ಹಾಳೆ ನೋಡಿದ್ದೇನೆ ಎಂದು ಹೇಳಿಬಿಡಿ. ಶಾಲೆಯಲ್ಲಿ ಹಾಳೆಗಳನ್ನು ಹಂಚಿದ್ದು ಅವಳಿಗೆ ಈಗಾಗಲೇ ಗೊತ್ತಿರುತ್ತದೆ. ನೀವು ಬಾಯಿ ಬಿಡದೆ ಇರುವ ಒಂದೊಂದು ದಿನವೂ ಅವಳು ಕಾಯುತ್ತಿರುತ್ತಾಳೆ. ‘ಅದು ನಿನ್ನ ಹಾಳೆ, ನನ್ನ ಕೈಗೆ ಬರಬಾರದಿತ್ತು, ನೋಡಿಬಿಟ್ಟೆ. ಯಾಕೆ ಹೀಗೆ ಬರೆದೆ ಎಂದು ಕೇಳುವುದಿಲ್ಲ. ಗಣಿತದ ವಿಷಯ ನೀನಾಗಿ ಬಂದು ಹೇಳಿದ್ದೆ, ಆವತ್ತು ನಾನು ದುಡುಕಿದೆ.’ ಇಷ್ಟು ಸಾಕು. ಇದಕ್ಕೆ ಉತ್ತರ ನಿರೀಕ್ಷಿಸಬೇಡಿ, ‘ಸರಿ’ ಎಂದು ಒಳಗೆ ಹೋದರೂ ಹಿಂದೆ ಹೋಗಬೇಡಿ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಎಲ್ಲ ಪೋಷಕರಿಗೂ ಹೇಳಬೇಕಾದದ್ದು: ಅಪ್ಪನೊಂದಿಗೆ ಮಾತು ಕಡಿಮೆ, ಗೆಳತಿಯರೊಂದಿಗೆ ಕಿಲಕಿಲ, ಇದು ವಯಸ್ಸಿಗೆ ಸಹಜ. ಗೆಳತಿಯರೊಂದಿಗೂ ಮಾತು ನಿಂತರೆ, ನಿದ್ದೆ ಊಟ ಕೆಟ್ಟರೆ, ಇಷ್ಟದ ಕೆಲಸಗಳಲ್ಲಿ ಆಸಕ್ತಿ ಹೋದರೆ, ಸಾಯುವ ಮಾತು ಒಮ್ಮೆ ಬಂದರೂ, ಅದು ಸಂವಹನದ ಪ್ರಶ್ನೆಯಲ್ಲ, ವೈದ್ಯರ ಪ್ರಶ್ನೆ. ಆಗ ಪ್ರಶ್ನಾವಳಿ ಹುಡುಕುತ್ತಾ ಕೂರಬಾರದು. 14416 ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ.

ಅದೇ ಹಾಳೆಯನ್ನು ಮನೆಯಲ್ಲಿ ಮತ್ತೆ ತುಂಬಿಸಿ ನೋಡಬಹುದೇ ಎಂಬ ಯೋಚನೆ ನಿಮಗೆ ಬಂದೇ ಬರುತ್ತದೆ. ಈಗ ಬೇಡ. ಪರೀಕ್ಷೆ ಮುಗಿಯಲಿ, ಫಲಿತಾಂಶದ ಗಲಾಟೆಯೂ ಮುಗಿಯಲಿ. ಆಮೇಲೆ ಅವಳಿಗೆ ಮನಸ್ಸಿದ್ದರೆ ಮಾತ್ರ, ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳಿ: ಅವಳ ಹಾಳೆಯನ್ನು ಅವಳು ಹೇಗೆ ತುಂಬಿಯಾಳು ಎಂದು ಊಹಿಸಿ ನೀವು ತುಂಬಿ, ನಿಮ್ಮದನ್ನು ಅವಳು ಊಹಿಸಿ ತುಂಬಲಿ. ಮೊತ್ತ ಕೂಡಬೇಡಿ. ಎಲ್ಲಿ ಊಹೆ ತಪ್ಪಿತೋ ಆ ಸಾಲುಗಳನ್ನಷ್ಟೇ ನೋಡಿ, ಅವಳು ಎತ್ತಿದ ಸಾಲಿನಿಂದ ಮಾತು ಆರಂಭಿಸಿ.